ಮೂವತ್ತೊಂದು ರಾಜ್ಯಗಳಿಗೆ ಫೋನ್ ಮಾಡುವ ಚಿಕ್ಕಮ್ಮ

ಬೆಳಗಿನ ಐದೂವರೆ. ದಕ್ಷಿಣ ಕೊರಿಯದ ದೇಗು ನಗರದ ಟ್ಯೂಷನ್ ಬೀದಿಯಲ್ಲಿ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ತಾಕ್ ಮಾಲ್‌ಸುಕ್ ಚಪ್ಪಲಿ ಬಿಟ್ಟು, ಪಾದಗಳನ್ನು ಹೀಟರಿನ ಹತ್ತಿರಕ್ಕೆ ಎಳೆದುಕೊಂಡು, ಬಾರ್ಲಿ ನೀರಿನ ಫ್ಲಾಸ್ಕನ್ನು ಪಕ್ಕಕ್ಕೆ ಸರಿಸಿ ಮೊದಲ ನಂಬರ್ ಒತ್ತುತ್ತಾರೆ. ಓಹಾಯೊ. ಅಲ್ಲಿ ಇನ್ನೂ ನಿನ್ನೆಯ ಸಂಜೆ. ಅವರ ಬಗ್ಗೆ ಬರೆಯಲು ಬಂದ ನಾನು ಪಕ್ಕದ ಕುರ್ಚಿಯಲ್ಲಿದ್ದೇನೆ.

"ಏನೇ, ಮೂಗು ಕಟ್ಟಿದೆಯಲ್ಲ. ತಲೆ ಒರೆಸ್ಕೊಳ್ದೆ ಹೊರಗೆ ಹೋಗಿದ್ಯಾ?"

ಆ ಕಡೆಯಿಂದ ಹುಡುಗಿಯೊಬ್ಬಳ ನಗು. "ನಮ್ಮಮ್ಮನಿಗಿಂತ ನೀವೇ ವಾಸಿ ಚಿಕ್ಕಮ್ಮ. ಅಮ್ಮ ಮಾರ್ಕ್ಸ್ ಕೇಳಿ ಫೋನ್ ಇಡ್ತಾಳೆ."

ಅರವತ್ಮೂರರ ಮಾಲ್‌ಸುಕ್‌ಗೆ ಇಂಗ್ಲಿಷ್ ಬರುವುದಿಲ್ಲ. ಪಾಸ್‌ಪೋರ್ಟ್ ಮಾಡಿಸಿಲ್ಲ. ಆದರೂ ಈ ನಗರದಿಂದ ಅಮೆರಿಕಕ್ಕೆ ಓದಲು ಹೊರಡುವ ಮಕ್ಕಳು ಯಾವ ರಾಜ್ಯಕ್ಕೆ ಹೋಗಬೇಕು ಎಂಬುದರ ಹಿಂದೆ ಹನ್ನೊಂದು ವರ್ಷಗಳಿಂದ ಅವರ ಕೈಬರಹವಿದೆ. ವಿದೇಶ ವ್ಯಾಸಂಗದ ಸಲಹಾ ಕಚೇರಿಯೊಂದರಲ್ಲಿ ಅವರ ಕೆಲಸ ಇಷ್ಟೇ: ಈಗಾಗಲೇ ಅಲ್ಲಿನ ಮೂವತ್ತೊಂದು ರಾಜ್ಯಗಳಲ್ಲಿರುವ, ತಮ್ಮನ್ನು ಚಿಕ್ಕಮ್ಮ ಎಂದೇ ಕರೆಯುವ ಮಕ್ಕಳಿಗೆ ಫೋನ್ ಮಾಡಿ ಬಸ್ಸು, ಚಳಿ, ಬಾಡಿಗೆ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಆ ಊರಿನ ಕಾಲೇಜಿನಲ್ಲಿರುವ ಕೊರಿಯನ್ನರ ಸಂಖ್ಯೆ ಕೇಳಿ ಬರೆದುಕೊಳ್ಳುವುದು. ದಿನಕ್ಕೆ ಇಪ್ಪತ್ತೆರಡು ಕರೆ. ಎತ್ತುವವರು ಹದಿನಾಲ್ಕು ಹದಿನೈದು ಮಂದಿ. ಪೂರ್ವದ ರಾಜ್ಯಗಳಲ್ಲಿ ಮೊದಲು ಕತ್ತಲಾಗುವುದರಿಂದ ಅಲ್ಲಿಂದ ಆರಂಭ, ಕೊನೆಗೆ ಕ್ಯಾಲಿಫೋರ್ನಿಯ. ಎಂಟೂವರೆಗೆ ಸೂಟು ತೊಟ್ಟ ಸಲಹೆಗಾರರು ಗಾಜಿನ ಕೋಣೆಗಳಿಗೆ ಬರುವ ಹೊತ್ತಿಗೆ ಪಟ್ಟಿ ಅವರ ಮೇಜಿನ ಮೇಲಿರುತ್ತದೆ. ಮಾಲ್‌ಸುಕ್ ಬಸ್ ಸ್ಟಾಪಿನಲ್ಲಿರುತ್ತಾರೆ.

ನಮ್ಮ ಊರಿನ ಹೆತ್ತವರು ಆ ಪಟ್ಟಿಯಲ್ಲಿ ಮೊದಲು ನೋಡುವುದು ಕೊರಿಯನ್ನರ ಸಂಖ್ಯೆಯನ್ನೇ. ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮವರು ಸಿಕ್ಕರೆ ಮಗು ನಮ್ಮ ಮಾತೇ ಆಡುತ್ತದೆ, ಸಿಗದಿದ್ದರೆ ಇಂಗ್ಲಿಷ್ ತಾನಾಗಿ ಬರುತ್ತದೆ. ಇದನ್ನು ನಾವೆಲ್ಲ ನಂಬಿದ್ದೇವೆ.

"ನಾನೂ ನಂಬಿದ್ದೆ," ಎನ್ನುತ್ತಾರೆ ಮಾಲ್‌ಸುಕ್. "ಎರಡು ವರ್ಷದ ಕೆಳಗೆ ನಾರ್ತ್ ಡಕೋಟದ ಒಂದು ಸಣ್ಣ ಊರಿಗೆ, ಪಕ್ಕದೂರಿನ ಹುಡುಗನ್ನ ಕೇಳಿ, ಸೊನ್ನೆ ಅಂತ ಬರೆದೆ. ಅದನ್ನ ನೋಡಿ ಒಬ್ಬ ತಾಯಿ ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದ್ಲು. ಮಗನ್ನ ಅಲ್ಲಿಗೇ ಕಳಿಸಿದ್ಲು."

ಆ ಮಗನ ಹೆಸರು ಸೊಕ್‌ಜು. ಈಗ ಇಪ್ಪತ್ತೊಂದು ವರ್ಷ. ಅವನಿಗೆ ಮಾಡುವ ಕರೆ ಆರು ನಿಮಿಷದಲ್ಲಿ ಮುಗಿಯುವುದಿಲ್ಲ. ಕಚೇರಿ ಕೊಟ್ಟಿರುವುದು ಆರೇ ನಿಮಿಷ. ಪ್ರಶ್ನೆಗಳು ಮುಗಿದ ಮೇಲೂ ಅವನು ಫೋನ್ ಇಡುವುದಿಲ್ಲ. ಇಲ್ಲಿ ಚೆರಿ ಹೂ ಉದುರಿತಾ ಎಂದು ಕೇಳುತ್ತಾನೆ, ಬಸ್ಸಿನ ನಂಬರ್ ಬದಲಾಯಿತಾ ಎಂದು ಕೇಳುತ್ತಾನೆ. ಅವನ ಹಾಗೆ ಇಡದವರು ಇನ್ನೂ ಐದಾರು ಮಂದಿ ಇದ್ದಾರೆ. ಅವರೆಲ್ಲ ಇರುವುದು ಕಡಿಮೆ ಸಂಖ್ಯೆಯ ಊರುಗಳಲ್ಲಿ ಎಂಬುದು ಮಾಲ್‌ಸುಕ್‌ಗೆ ತಡವಾಗಿ ಹೊಳೆದಿದೆ. ಅಂದಿನಿಂದ ಅವರು ಯಾರ ಅಪ್ಪಣೆಯನ್ನೂ ಕೇಳದೆ ಪಟ್ಟಿಗೆ ಒಂದು ಪ್ರಶ್ನೆ ಸೇರಿಸಿದ್ದಾರೆ: ನಿನ್ನೆ ರಾತ್ರಿ ಯಾರ ಜೊತೆ ಊಟ ಮಾಡಿದೆ? ಸಲಹೆಗಾರರು ಉತ್ತರವನ್ನು ಅಳಿಸಿ ಪಟ್ಟಿ ಅಚ್ಚು ಹಾಕುತ್ತಾರೆ.

ಈ ವಾರ ಕಚೇರಿಯಲ್ಲಿ ಒಂದು ಗಡುವು ಓಡುತ್ತಿದೆ. ಕನ್ನಡಕದ ಫ್ರೇಮ್ ಮಾಡುವ ಗ್ವಾಕ್ ಅವರ ಮಗಳು ದಾನ್‌ಬಿಗೆ ಎರಡು ಕಡೆ ಸೀಟು ಸಿಕ್ಕಿದೆ, ಓಹಾಯೊದಲ್ಲೊಂದು, ಸೊಕ್‌ಜು ಇರುವ ಊರಿನಲ್ಲೊಂದು. ಶುಕ್ರವಾರದೊಳಗೆ ಒಂದಕ್ಕೆ ಒಪ್ಪಿಗೆ ಕಳಿಸಬೇಕು. ಕಳಿಸಿದರೆ ಸಾಮಾನ್ಯವಾಗಿ ನಾಲ್ಕು ವರ್ಷ ಅಲ್ಲೇ. ಬುಧವಾರ ಗ್ವಾಕ್ ಅಂಗಡಿ ತೆರೆಯುವ ಮುನ್ನವೇ ಬಂದು, ಹೊರಡುತ್ತಿದ್ದ ಮಾಲ್‌ಸುಕ್ ಅವರನ್ನು ಲಿಫ್ಟಿನ ಹತ್ತಿರ ಹಿಡಿದಿದ್ದಾರೆ.

"ಡಕೋಟದಲ್ಲಿ ಇನ್ನೂ ಒಬ್ಬನೇ ಅಲ್ವಾ? ಜಾಸ್ತಿ ಆಗಿಲ್ಲ ತಾನೆ?"

"ಒಬ್ಬನೇ ಯಜಮಾನ್ರೇ. ಅವನೂ ಸೊರಗಿ ಅರ್ಧ ಆಗಿದಾನೆ."

"ಹಂಗಾದ್ರೆ ಇಂಗ್ಲಿಷ್ ಚೆನ್ನಾಗಿ ಬಂದಿರ್ಬೇಕು."

"ಕನ್ನಡಕ ಮಾಡೋರು ನೀವು. ಕಿವಿಗೆ ಸಿಗಿಸೋ ಒಂದು ಕಡ್ಡಿ ಕಿತ್ತು ಕನ್ನಡಕಾನ ಮೂಗಿನ ಮೇಲೆ ನಿಲ್ಲಿಸಿ ತೋರಿಸಿ, ಆಮೇಲೆ ಮಗಳನ್ನ ಕಳಿಸಿ."

ಗ್ವಾಕ್ ನಗುವುದಿಲ್ಲ. ಮಾಲ್‌ಸುಕ್ ದಾನ್‌ಬಿಗೆ ಮಾತ್ರ ಒಂದು ಮಾತು ಹೇಳಿ ಕಳಿಸುತ್ತಾರೆ: ನಾಳೆ ಬೆಳಿಗ್ಗೆ ಆರಕ್ಕೆ ಬಾ.

ಗುರುವಾರ ಹುಡುಗಿ ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು ಫೋನಿನ ಮುಂದೆ ಕೂತಿದ್ದಾಳೆ. "ಇಲ್ಲೊಬ್ಬಳು ಕೇಳಿಸ್ಕೊತಾ ಇದಾಳೆ ಸೊಕ್‌ಜು. ನಿಮ್ಮ ಊರಿಗೆ ಬರ್ಲೋ ಬೇಡ್ವೋ ಅಂತಿದಾಳೆ," ಎನ್ನುತ್ತಾರೆ ಮಾಲ್‌ಸುಕ್.

ಸೊಕ್‌ಜುವಿನ ದನಿ ಒಮ್ಮೆಗೇ ಏರುತ್ತದೆ. ಬಾಡಿಗೆ ಅಗ್ಗ, ಕಳ್ಳಕಾಕರ ಭಯವಿಲ್ಲ, ಮೇಷ್ಟ್ರು ಒಳ್ಳೆಯವರು, ಚಳಿ ಎಲ್ಲರೂ ಹೇಳುವಷ್ಟು ಇಲ್ಲ. ಹಿಮ ಬಿದ್ದ ರಾತ್ರಿ ಬೀದಿಯೆಲ್ಲ ಬೆಳ್ಳಗಿರುತ್ತೆ, ನೋಡಬೇಕು ನೀವು. ದಾನ್‌ಬಿ ಸಣ್ಣಗೆ ನಗುತ್ತಾಳೆ. ಮಾಲ್‌ಸುಕ್ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆಮೇಲೆ ತಮ್ಮ ಪ್ರಶ್ನೆ ಕೇಳುತ್ತಾರೆ.

"ನಿನ್ನೆ ರಾತ್ರಿ ಯಾರ ಜೊತೆ ಊಟ ಮಾಡಿದೆ?"

ಅತ್ತಲಿಂದ ಫ್ರಿಜ್ಜಿನ ಗುಂಯ್ ಸದ್ದು ಕೇಳುತ್ತದೆ.

"ಒಬ್ಬನೇ."

"ಮೊನ್ನೆ?"

"ಮೊನ್ನೇನೂ. ಆಗ ನಾನು ಹೇಳಿದ್ದು ಸುಳ್ಳು ಚಿಕ್ಕಮ್ಮ. ಅವರು ಬಂದ್ರೆ ನನಗೆ ಒಳ್ಳೇದು ಅಂತ ಹೇಳ್ದೆ. ಇಲ್ಲಿ ಇಂಗ್ಲಿಷ್ ಕೇಳ್ತೀನಿ, ಆಡಲ್ಲ. ಅಂಗಡೀಲಿ ಥ್ಯಾಂಕ್ಯೂ ಅಂದ್ರೆ ಆ ದಿನದ ಮಾತು ಮುಗೀತು. ಬರಬೇಡಿ ಅನ್ನಿ ಅವರಿಗೆ."

ದಾನ್‌ಬಿ ಫೋನಿನ ಕಡೆ ಒಮ್ಮೆ ತಲೆಬಾಗಿ ನಮಸ್ಕರಿಸುತ್ತಾಳೆ, ಅವನಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ.

ಮರುದಿನ ಗ್ವಾಕ್ ಮತ್ತೆ ಬಂದಿದ್ದಾರೆ, ಕಾಲು ಎಳೆದುಕೊಂಡು. "ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದ್ಲು, ಅಪ್ಪ ನೀವು ಯಾವತ್ತಾದ್ರೂ ಒಬ್ರೇ ಊಟ ಮಾಡಿದೀರಾ ಅಂತ. ಎಷ್ಟು ಯೋಚಿಸಿದ್ರೂ ನೆನಪಾಗಲಿಲ್ಲ. ಸೈನ್ಯದಲ್ಲಿದ್ದಾಗ್ಲೂ ಒಬ್ನೇ ತಿಂದಿಲ್ಲ ನಾನು." ಆಮೇಲೆ ಕೇಳುತ್ತಾರೆ, "ಓಹಾಯೊದಲ್ಲಿ ಎಷ್ಟು ಜನ ಇದಾರೆ ನಮ್ಮೋರು?"

"ನಲವತ್ತು."

"ನಲವತ್ತಾ," ಎಂದು ನಿಟ್ಟುಸಿರು ಬಿಟ್ಟು, ಒಪ್ಪಿಗೆ ಕಳಿಸಲು ಗಾಜಿನ ಕೋಣೆಗೆ ಹೋಗುತ್ತಾರೆ.

ಈ ಆಯ್ಕೆಯಲ್ಲಿ ಮಾಲ್‌ಸುಕ್ ಅವರ ಹೆಸರು ಎಲ್ಲಿಯೂ ಬರುವುದಿಲ್ಲ. ಬಾಗಿಲ ಬಳಿ ಅಂಟಿಸುವ ಅಭಿನಂದನೆಯ ಹಾಳೆಯಲ್ಲಿ ಸಲಹೆಗಾರರ ಫೋಟೊ ಇರುತ್ತದೆ. ಅದರ ಬಗ್ಗೆ ಕೇಳಿದರೆ ಅವರು ಕೈ ಬೀಸಿಬಿಡುತ್ತಾರೆ. ಅವರ ಚಿಂತೆ ಬೇರೆ. ಶನಿವಾರ ಬೆಳಿಗ್ಗೆ ಪಟ್ಟಿಯಲ್ಲಿ ಸೊಕ್‌ಜುವಿನ ನಂಬರ್ ಬಂದಾಗ ಬೆರಳು ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಒತ್ತುತ್ತದೆ.

"ಆ ಹುಡುಗಿ ಏನು ಮಾಡಿದ್ಲು ಚಿಕ್ಕಮ್ಮ?"

"ಓಹಾಯೊ."

"ಹ್ಞೂಂ." ಮತ್ತೆ, "ಒಳ್ಳೇದಾಯ್ತು ಬಿಡಿ."

"ನೀನು ಒಳ್ಳೇದು ಮಾಡಿದೆ ಕಣೋ. ಈಗ ನಿನ್ನ ಸರದಿ. ಮುಂದಿನ ವರ್ಷಕ್ಕೆ ಬೇರೆ ರಾಜ್ಯಕ್ಕೆ ಬದಲಾಯಿಸ್ಕೊಳ್ಳಕ್ಕಾಗುತ್ತಂತೆ. ವಿಚಾರಿಸಿದೀನಿ. ಅಮ್ಮನಿಗೆ ನಾನು ಹೇಳ್ಲಾ?"

"ಅಮ್ಮ ಬೇಜಾರ್ ಮಾಡ್ಕೊತಾಳೆ."

"ಮಾಡ್ಕೊಳ್ಳಲಿ. ಸೊನ್ನೆ ಬರೆದೋಳು ನಾನು. ಬೈಯೋದಿದ್ರೆ ನನ್ನ ಬೈಲಿ."

ಅವನು ಇವತ್ತು ಏನು ತಿಂಡಿ ಎಂದು ಕೇಳುತ್ತಾನೆ. ಸೋಯಾ ಸಾರು, ಅನ್ನ, ಮೂಲಂಗಿ ಎಂದು ಮಾಲ್‌ಸುಕ್ ಒಂದೊಂದಾಗಿ ಹೇಳುತ್ತಾರೆ. ಆರು ನಿಮಿಷ ದಾಟಿ ಬಹಳ ಹೊತ್ತಾಗಿದೆ. ಇನ್ನೂ ಹನ್ನೊಂದು ರಾಜ್ಯ ಬಾಕಿ. ಕಚೇರಿಯವರು ಬೈಯುವುದಿಲ್ಲವೇ ಎಂದು ಸನ್ನೆಯಲ್ಲಿ ಕೇಳುತ್ತೇನೆ. ಅವರು ರಿಸೀವರನ್ನು ಅಂಗೈಯಿಂದ ಮುಚ್ಚಿ ಪಿಸುಗುಡುತ್ತಾರೆ.

"ಬೈತಾರೆ. ಆದ್ರೆ ಹನ್ನೊಂದು ವರ್ಷದಲ್ಲಿ ಒಂದು ಮಗುವಿನ ಫೋನನ್ನೂ ನಾನೇ ಮೊದಲು ಇಟ್ಟಿಲ್ಲ."