ಉಡುದಾರದ ಪಾಠ

ಚರ್ಮರೋಗದ ಓದು ಮುಗಿಸಿದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, ಪ್ರಾಕ್ಟೀಸು ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳುತ್ತಾ ಯಾಕೆ ಕೂರಬೇಕು ಎಂದು ಕೇಳುತ್ತಾರೆ. ಸಂಶೋಧನೆ, ಸೇವೆ ಎಂಬ ದೊಡ್ಡ ಮಾತುಗಳು ನನ್ನ ಬಾಯಿಗೆ ಬರುವುದಿಲ್ಲ. ಬಂದರೂ ಅವರು ಆಕಳಿಸುತ್ತಾರೆ. ಅದಕ್ಕೇ ನಾನು ನಮ್ಮಪ್ಪನ ಸೊಂಟದ ಕಥೆ ಹೇಳುತ್ತೇನೆ.

ಅದು ಅರವತ್ತರ ದಶಕದ ಆರಂಭ. ಅಪ್ಪನಿಗೆ ಪರಿಗಿಯ ಹತ್ತಿರ ಹೊಲ, ಹಿಂದೂಪುರದಲ್ಲಿ ಬೆಲ್ಲದ ಮಂಡಿ. ನಾನು ಎಂ.ಬಿ.ಬಿ.ಎಸ್. ಮೇಲೆ ಚರ್ಮರೋಗದ ಡಿಪ್ಲೊಮಾ ಮುಗಿಸಿ ಬರುವಷ್ಟರಲ್ಲಿ ಮಂಡಿಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿ, ಬಾಗಿಲಿಗಿಂತ ಅಗಲವಾದ ಬೋರ್ಡು ಬರೆಸಿಟ್ಟಿದ್ದ. ತೆಲುಗು, ಕನ್ನಡ ಎರಡರಲ್ಲೂ: ಚರ್ಮ ಮತ್ತು ಗುಪ್ತರೋಗ ತಜ್ಞರು. ಆಗ ಎರಡನ್ನೂ ಒಟ್ಟಿಗೇ ಓದಿಸುತ್ತಿದ್ದರು. ಓದಿದ್ದನ್ನೆಲ್ಲ ಬರೆಸಲೇಬೇಕು ಎಂಬುದು ಅಪ್ಪನ ಹಟ. 'ಗುಪ್ತ' ಎಂಬ ಅಕ್ಷರಗಳಂತೂ ಸ್ಟೇಷನ್ ರಸ್ತೆಯಿಂದಲೇ ಕಾಣುತ್ತಿದ್ದವು. ಎಲ್ಲರ ಕಣ್ಣೆದುರಿಗೆ ಆ ಮೆಟ್ಟಿಲು ಹತ್ತುವ ಧೈರ್ಯ ಯಾರಿಗಿತ್ತು?

ಬೋರ್ಡಿಗಿಂತ ದೊಡ್ಡ ತೊಂದರೆ ನಾನೇ. ಊರಿನಲ್ಲಿ ಎಲ್ಲರೂ ನನಗೆ ಚಿಕ್ಕಪ್ಪ, ಮಾವ, ಅತ್ತೆ. ನಮ್ಮ ಸೋದರತ್ತೆ ಒಂದು ದಿನ ಬಂದು ಬಾಗಿಲ ಹೊರಗೇ ನಿಂತಳು. "ನಂಗೇನಿಲ್ಲ ಕಣಪ್ಪ, ಎದುರುಮನೆಯೋಳಿಗೆ ಮೊಣಕೈ ಕಡಿತವಂತೆ. ಏನಾದ್ರೂ ಹಚ್ಚಕೆ ಕೊಡು," ಎಂದು ಹೇಳುತ್ತಾ ತನ್ನ ಮೊಣಕೈಯನ್ನೇ ಪರಪರ ಕೆರೆದುಕೊಂಡಳು. ತೋರಿಸು ಎಂದರೆ ಸೆರಗು ಹೊದ್ದು ಹೊರಟೇಹೋದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಖಾಲಿ ಕೋಣೆಯಲ್ಲಿ ಬೆಲ್ಲದ ನೊಣ ಹೊಡೆಯುತ್ತಾ ಕೂತು ಊರಿಗೆಲ್ಲ ಶಾಪ ಹಾಕುತ್ತಿದ್ದೆ.

ಅದೇ ಸಮಯಕ್ಕೆ ನನ್ನ ಪ್ರೊಫೆಸರರು ಹೇಳಿ ಕಳಿಸಿದರು. ಕಾಲೇಜಿನಲ್ಲಿ ಟ್ಯೂಟರ್ ಕೆಲಸ ಖಾಲಿ ಇದೆ, ನೀನು ಬಂದರೆ ನಿನಗೇ. ಕಲ್ಯಾಣದುರ್ಗದಲ್ಲಿ ಚರ್ಮರೋಗದ ಕ್ಯಾಂಪು ನಡೆಸುತ್ತೇವೆ, ಬಂದು ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿ ನೋಡು, ಕ್ಯಾಂಪು ಮುಗಿಯುವುದರೊಳಗೆ ಉತ್ತರ ಹೇಳು.

ಅಪ್ಪನಿಗೆ ವಿಷಯ ತಿಳಿಸಿದೆ. "ಮೇಷ್ಟ್ರಾಗಕೆ ಡಾಕ್ಟ್ರು ಓದು ಯಾಕೆ ಬೇಕಿತ್ತು? ಊರಾಗೆ ನನ್ ಮಗ ಡಾಕ್ಟ್ರು ಅಂತ ಹೇಳ್ಕೊಂಡು ತಿರಗ್ತಾ ಇವ್ನಿ. ನನ್ ಮಾನ ಕಳೀಬೇಡ," ಎಂದ. ಅಪ್ಪನ ಮಾತು ಮೀರಿ ಹೋಗುವ ಗುಂಡಿಗೆ ನನಗಿರಲಿಲ್ಲ. ಆದರೂ ಬೆಂಗಳೂರಿಗೆ ಔಷಧಿ ತರಲು ಹೋಗುತ್ತೇನೆ ಎಂದು ಸುಳ್ಳು ಹೇಳಿ ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ಕ್ಯಾಂಪು ನಡೆದದ್ದು ಒಂದು ಶಾಲೆಯಲ್ಲಿ. ವಿದ್ಯಾರ್ಥಿಗಳೆಲ್ಲ ಕರಾವಳಿ ಕಡೆಯ ತೆಲುಗಿನವರು, ನಮ್ಮ ಸೀಮೆಯ ರೀತಿ ರಿವಾಜು ತಿಳಿಯದವರು. ಬೆಳಿಗ್ಗೆ ಅವರಲ್ಲೊಬ್ಬ, ಸೊಂಟದ ಸುತ್ತ ಹುಳುಕಡ್ಡಿ ಎದ್ದಿದ್ದ ರೈತನಿಗೆ ಉಡುದಾರ ಬಿಚ್ಚಿ ಬಿಸಾಕು ಎಂದುಬಿಟ್ಟ. ರೈತ ಔಷಧಿಯನ್ನೂ ಮುಟ್ಟದೆ ಎದ್ದು ಹೋದ. ನಾನು ಎಲ್ಲರನ್ನೂ ಕರಿಹಲಗೆಯ ಮುಂದೆ ನಿಲ್ಲಿಸಿಕೊಂಡು ಹೇಳಿದೆ: ಇಲ್ಲಿ ಗಂಡಸಿನ ಸೊಂಟ ಒಂದು ಗಳಿಗೆಯೂ ಉಡುದಾರವಿಲ್ಲದೆ ಇರಬಾರದು. ಮೊದಲು ಹೊಸದು ಕಟ್ಟಿಸಿ, ಆಮೇಲೆ ಬೆವರು ಕುಡಿದ ಹಳೆಯದನ್ನು ತೆಗೆಸಿ. ಹುಡುಗರು ತಲೆಯಾಡಿಸಿದರು. ಆ ತಲೆಯಾಟ ನೋಡಿ ನನಗಾದ ಸಂತೋಷ ಬೋರ್ಡಿನ ಕೆಳಗೆ ಒಂದು ದಿನವೂ ಆಗಿರಲಿಲ್ಲ.

ಮಧ್ಯಾಹ್ನದ ಸಾಲಿನಲ್ಲಿ ತಲೆಗೆ ಟವೆಲ್ ಹೊದ್ದು ಮುಖ ಮರೆಸಿಕೊಂಡ ಒಬ್ಬ ಹಿರಿಯ ಕೂತಿದ್ದ. ಎರಡು ಸಲ ಕೆಮ್ಮಿದ. ಆ ಕೆಮ್ಮು ಕೇಳಿಕೊಂಡೇ ನಾನು ಬೆಳೆದದ್ದು. ಹುಣಸೆಹಣ್ಣು ಕೊಳ್ಳಲು ಗೋರಂಟ್ಲಕ್ಕೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದ ಅಪ್ಪ ಇಲ್ಲಿದ್ದ. ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಇಷ್ಟು ದೂರ ಬಂದಿದ್ದಾನೆ. ನಾನು ಗಡಬಡಿಸಿ ಕರಿಹಲಗೆಯ ಹಿಂದೆ ಸರಿದು ಅಂಚಿನಿಂದ ಇಣುಕಿದೆ.

ಅಪ್ಪನ ಸರದಿ ಬಂತು. ಬೆಳಿಗ್ಗೆ ತಪ್ಪು ಮಾಡಿದ್ದ ಹುಡುಗನ ಮುಂದೆಯೇ ಕೂತು, ಏನೂ ಸಂಕೋಚವಿಲ್ಲದೆ ಪಂಚೆ ಸಡಿಲಿಸಿ ಸೊಂಟ ತೋರಿಸಿದ. ಎಷ್ಟು ಕಾಲದ ಹುಳುಕಡ್ಡಿಯೋ, ಬೆನ್ನಿನವರೆಗೂ ಹಬ್ಬಿತ್ತು. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಹುಡುಗ ನಿಧಾನವಾಗಿ ನೋಡಿ, ಮುಲಾಮು ಕೊಟ್ಟು, ತೆಲುಗಿನಲ್ಲಿ ಹೇಳಿದ: "ಮುಂದು ಕೊತ್ತ ಮೊಲತಾಡು ಕಟ್ಟುಕೋಂಡಿ ಪೆದ್ದಾಯನಾ. ಆ ತರ್ವಾತೇ ಪಾತದಿ ತೀಸೇಯಂಡಿ."

ಹೊಸ ಉಡುದಾರ ಕಟ್ಟಿಕೊಂಡ ಮೇಲೆ ಹಳೆಯದು ತೆಗೆಯಬೇಕೆಂಬುದು ಅಪ್ಪನಿಗೆ ಹಿಡಿಸಿತು. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದ. ಹುಡುಗ "ಮಾ ಸಾರು", ನಮ್ಮ ಮೇಷ್ಟ್ರು, ಎಂದು ಕರಿಹಲಗೆಯತ್ತ ಕೈ ತೋರಿಸಿಬಿಟ್ಟ.

ಅಪ್ಪ ಪಂಚೆ ಬಿಗಿ ಮಾಡಿಕೊಂಡು, ಹಲಗೆಯ ಹಿಂದಕ್ಕೆ ಬಂದು ನನ್ನನ್ನು ನೋಡಿದ. "ಬೆಂಗ್ಳೂರಿಂದ ಯಾವಾಗ್ ಬಂದೆ?"

"ಹುಣ್ಸೆಹಣ್ಣು ಹೆಂಗೈತಪ್ಪ ಗೋರಂಟ್ಲದಾಗೆ?" ಎಂದೆ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಕೂತೆವು. ಅಪ್ಪ ಟೀಯನ್ನು ಸಾಸರಿಗೆ ಸುರಿದುಕೊಂಡು ಊದಿ ಊದಿ ಕುಡಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ.

"ನಾನೇ ಎತ್ತಿ ಆಡ್ಸಿದ ಮಗ ನೀನು. ನಿನ್ ಮುಂದೆ ಪಂಚೆ ಸಡ್ಲ ಮಾಡಕೆ ನನ್ ಕೈಲಿ ಆಗಕಿಲ್ಲ ಕಣಪ್ಪ. ಆ ಹುಡುಗನ ಮುಂದೆ ಏನೂ ಅನ್ನುಸ್ಲಿಲ್ಲ. ಯಾರೋ ಬೇರೆಯೋರ ಮಗ. ಹೇಳಿದ್ದು ಮಾತ್ರ ನಿನ್ ಮಾತೇ."

ಅಪ್ಪ ಖಾಲಿ ಸಾಸರನ್ನು ಪಕ್ಕಕ್ಕೆ ಸರಿಸಿ ಮಾತು ಮುಂದುವರಿಸಿದ.

"ಹಿಂದೂಪುರಕ್ಕೂ ಅಂತೋನೊಬ್ಬ ಬೇಕು, ಗೋರಂಟ್ಲಕ್ಕೂ ಬೇಕು. ನೀನೊಬ್ನೇ ಎಷ್ಟು ಊರಿಗೆ ಬೇರೆಯೋರ ಮಗ ಆಯ್ತೀಯ? ಹೋಗು, ನಿಮ್ ಮೇಷ್ಟ್ರಿಗೆ ಬತ್ತೀನಿ ಅಂತ ಹೇಳ್ಬುಡು."

ಊರಿನ ಬಸ್ಸು ಬಂತು. ನನ್ನ ಭುಜ ಹಿಡಿದುಕೊಂಡೇ ಅಪ್ಪ ಎದ್ದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, "ಮಂಡಿ ಪಕ್ಕದ ಆ ಕೋಣೆ ಯಾರಿಗೂ ಬಾಡಿಗೆ ಕೊಡಕಿಲ್ಲ. ಆ ಹುಡುಗನ ಓದು ಮುಗೀಲಿ, ನಮ್ಮೂರಿಗೇ ಕಳ್ಸು," ಎಂದು ಹೇಳಿ ಬಸ್ಸಿನೊಳಕ್ಕೆ ಹೋದ.