ವಾರಕ್ಕೆ ಏಳೇ ಚೀಟಿ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ತಗಡಿನ ಡಬ್ಬಿ, ಪಕ್ಕದಲ್ಲಿ ಮೂಲೆ ಒಡೆದ ಮೊಬೈಲು. ಬೀದಿಯವರೆಲ್ಲ ಅಕ್ಕ ಎನ್ನುವ ಹೆಂಗಸು ಡಬ್ಬಿಗೆ ಕೈ ಹಾಕಿ ಒಂದು ಚೀಟಿ ಎತ್ತುತ್ತಾರೆ: 'ಕೀಲಿ ಒಳಗೇ ಉಳಿದು ಬಾಗಿಲು ಹಾಕಿಕೊಂಡರೆ ಏನು ಮಾಡೋದು?' ಬೀಗ ರಿಪೇರಿ ಅಂಗಡಿಯಲ್ಲಿ ಗಿರಾಕಿಯೊಬ್ಬರು ಕೇಳಿದ್ದು. ಅದಕ್ಕೆ ನಾಲ್ಕು ಸಾಲಿನ ಉತ್ತರ ಬರೆದು, ಅಂಗಡಿಯ ಹೆಸರಲ್ಲಿ ಗಿರಾಕಿಗಳ ಮೊಬೈಲಿಗೆ ಕಳಿಸುತ್ತಾರೆ.

ಐದು ಅಂಗಡಿ, ದಿನಕ್ಕೆ ಐದು ಬರಹ. ಎಂಟಕ್ಕೆ ಸರಿಯಾಗಿ ಮೊಬೈಲು ಕಪಾಟು ಸೇರುತ್ತದೆ. ಏಳನೇ ತರಗತಿಗೆ ಶಾಲೆ ಬಿಟ್ಟ ಅಕ್ಕನಿಗೆ ಈಗ ಅರವತ್ತೊಂದು. ಮೊಬೈಲು ಬರುವ ಮುಂಚೆ ಇದೇ ಅಂಗಡಿಗಳ ಮುಂದಿನ ಕರಿಹಲಗೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು.

ಹೆಸರು ಮಾಡಿದ್ದು ಮಾತ್ರ ತಂಗಿ. ಅದೇ ಕಸುಬು, ಹದಿನಾರು ಅಂಗಡಿ. ಸಿಕ್ಕವರೆಲ್ಲ, ನಿಮ್ಮ ತಂಗಿ ಎಷ್ಟು ಚೆನ್ನಾಗಿ ಬರೀತಾರೆ ಅನ್ನುವವರೇ. "ಕಸುಬು ಕಲಿಸಿದ್ದು ನಾನು. ಹೊಟ್ಟೆ ಉರಿಯಲ್ವಾ? ಉರಿಯುತ್ತೆ. ಸುಳ್ಳು ಯಾಕೆ ಹೇಳಲಿ?" ಎನ್ನುತ್ತಾರೆ ಅಕ್ಕ.

ಆ ಉರಿಯಲ್ಲೇ ನಾಲ್ಕು ವರ್ಷದ ಹಿಂದೆ ಅಕ್ಕ ಹದಿನೇಳು ಅಂಗಡಿ ಒಪ್ಪಿಕೊಂಡಿದ್ದರು. ತಂಗಿಗಿಂತ ಒಂದು ಹೆಚ್ಚು. ಊಟದ ತಟ್ಟೆಯ ಪಕ್ಕದಲ್ಲೂ ಮೊಬೈಲು. ಮೂರನೇ ತಿಂಗಳಿಗೆ ತಲೆ ಖಾಲಿ. ಹಾಸಿಗೆ ಅಂಗಡಿಯ ಬರಹ ಬೀಗದಂಗಡಿಯ ಗಿರಾಕಿಗಳಿಗೆ ಹೋಯಿತು: 'ಕೊಳ್ಳುವ ಮುಂಚೆ ಒಮ್ಮೆ ಮಲಗಿ ನೋಡಿ.'

ಬೀಗದವರು ಬೈಯಲಿಲ್ಲ. ಸ್ಟೂಲು ಎಳೆದು ಕೂರಿಸಿದರು. "ಅಕ್ಕಾ, ನಾನೇನು ದಿನಾ ಹೊಸ ಮಾತು ಹುಟ್ಟಿಸ್ತೀನಾ? ಬಂದವರು ಕೇಳ್ತಾರೆ, ಹೇಳ್ತೀನಿ. ಸುಮ್ನೆ ಕೂತು ಕೇಳಿಸ್ಕೊಳ್ಳಿ."

ಅದಾದ ಮೇಲೆ ಅಕ್ಕ ಹನ್ನೆರಡು ಅಂಗಡಿ ಬಿಟ್ಟರು. ಉಳಿದ ಒಂದೊಂದರಲ್ಲೂ ವಾರಕ್ಕೊಮ್ಮೆ ಒಂದು ಗಂಟೆ ಸ್ಟೂಲಿನ ಮೇಲೆ ಕೂರುತ್ತಾರೆ. ಏಳು ಪ್ರಶ್ನೆ ಕಿವಿಗೆ ಬಿದ್ದರೆ, ದಿನಕ್ಕೊಂದರಂತೆ ಏಳು ಚೀಟಿ. ಎಂಟನೆಯದು ಎಷ್ಟೇ ಚೆಂದವಿರಲಿ, ಎದ್ದು ಬರುತ್ತಾರೆ.

ನಮ್ಮ ಮಾತಿನ ನಡುವೆ ಮೊಬೈಲು ಬಡಿದುಕೊಳ್ಳುತ್ತದೆ. ತಂಗಿ. "ಅಕ್ಕಾ, ನಾಲ್ಕು ದಿನದಿಂದ ಒಂದು ಸಾಲೂ ಹುಟ್ತಿಲ್ಲ. ಅಂಗಡಿಯವರು ಬೇರೆಯವರನ್ನ ನೋಡ್ಕೋತೀವಿ ಅಂತಿದಾರೆ. ನಿನ್ನ ಡಬ್ಬಿ ಒಂದು ವಾರ ಕೊಡೇ."

ಅಕ್ಕನ ತುಟಿಯಂಚಿನಲ್ಲಿ ನಗು ಸುಳಿಯುತ್ತದೆ. "ಡಬ್ಬಿ ಕೊಡಲ್ಲ."

ಆಚೆ ಕಡೆ ಮೂಗೆಳೆಯುವ ಸದ್ದು. ಅಕ್ಕ ಡಬ್ಬಿಯ ಮುಚ್ಚಳವನ್ನು ಎರಡು ಸಲ ತೆಗೆದು ಮುಚ್ಚುತ್ತಾರೆ. ನಗು ಎಲ್ಲೋ ಹೋಗಿದೆ.

"ಇದರಲ್ಲಿರೋದು ನನ್ನ ಅಂಗಡಿಗಳ ಮಾತು ಕಣೇ, ತಗೊಂಡು ನೀನೇನು ಮಾಡ್ತೀಯ? ಹತ್ತು ಗಂಟೆಗೆ ಬೀಗದಂಗಡಿಗೆ ಬಾ, ಹೇಗೆ ಕೂರೋದು ಅಂತ ತೋರಿಸ್ತೀನಿ. ಬಾಯಿ ಮಾತ್ರ ಮುಚ್ಕೊಂಡಿರಬೇಕು."

"ಒಂದು ಗಂಟೆನಾ?"

"ಒಂದು ಗಂಟೆ. ಆಮೇಲೆ ಹತ್ತು ಅಂಗಡಿ ಬಿಡೋದು ಹೇಗೆ ಅಂತಾನೂ ಹೇಳ್ತೀನಿ."

ಹೊಟ್ಟೆಕಿಚ್ಚು ಆರಿತೇ ಎಂದರೆ ಅಕ್ಕ ಮೊಬೈಲನ್ನು ಕಪಾಟಿಗಿಡುತ್ತ ತಲೆಯಾಡಿಸುತ್ತಾರೆ. "ಎಲ್ಲಿ ಆರುತ್ತೆ? ಇನ್ನು ಅವಳು ಮತ್ತೂ ಚೆನ್ನಾಗಿ ಬರೀತಾಳೆ."

ಬಾಗಿಲ ಬಳಿ ನಿಂತು ಚಪ್ಪಲಿ ಮೆಟ್ಟುವಾಗ ಆಸೆಯೊಂದನ್ನು ಹೇಳುತ್ತಾರೆ. "ಯಾರಾದರೂ ಒಬ್ಬರು ಅವಳ ಎದುರಿಗೆ, ನೀವು ನಿಮ್ಮ ಅಕ್ಕನ ಹಾಗೆ ಬರೀತೀರಿ ಅನ್ನಬೇಕು. ಒಂದೇ ಸಲ ಸಾಕು. ನಾನು ಅಲ್ಲೇ ಪಕ್ಕದಲ್ಲಿ ನಿಂತಿರಬೇಕು."