ಓಂಕಾರಮೂರ್ತಿಯವರ ಸಮುದ್ರ

ಚಳ್ಳಕೆರೆಯ ಓಂಕಾರಮೂರ್ತಿಯವರು ಶೇಂಗಾ ಚೀಲಗಳ ಕೋಣೆಯನ್ನು ಖಾಲಿ ಮಾಡಿಸಿ, ಅಲ್ಲಿ ಕ್ಲೌನ್‌ಫಿಶ್ ಎಂಬ ಕಡಲ ಮೀನಿನ ಮರಿ ಮಾಡಿಸಲು ಗಾಜಿನ ತೊಟ್ಟಿಗಳನ್ನು ಜೋಡಿಸಿದ್ದಾರೆ: ಜೋಡಿಮೀನಿಗೊಂದು, ಮೊಟ್ಟೆಯೊಡೆದ ಮರಿಗಳಿಗೊಂದು, ಬೆಳೆಯುವವಕ್ಕೆ ಮತ್ತೆರಡು. ಉಪ್ಪು ಅಳೆದು ನೀರಿಗೆ ಬೆರೆಸುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಕರೆಂಟು ಹೋದರೆ ತುತ್ತು ಕೈಯಲ್ಲಿರುವಾಗಲೇ ಎದ್ದು ಬ್ಯಾಟರಿ ಪಂಪಿನತ್ತ ಓಡುತ್ತಾರೆ. ಸಮುದ್ರವನ್ನು ಮಾತ್ರ ಅವರು ಇನ್ನೂ ಕಂಡಿಲ್ಲ. ಯಾರಾದರೂ ಗೋಕರ್ಣಕ್ಕೆ ಕರೆದರೆ, "ಬರಾಕೆ ಆಸೆ ಐತ್ರೀ, ಆದ್ರೆ ಮೊಟ್ಟೆ ಒಡೆಯೋ ಹೊತ್ತು" ಎನ್ನುತ್ತಾರೆ. "ಮರಿಗಳ ಮದುವೆ ಮುಗಿಸ್ಕೊಂಡೇ ಬರ್ರಿ" ಎಂದು ಛೇಡಿಸಿ, ಹೆಂಡತಿ ಗಂಗಾಂಬಿಕಾ ಈ ಸಲ ನೆರೆಯವರ ಜೊತೆ ಹೋಗಿಬಂದರು. ಅವರು ಒಗೆಯಲು ತೆಗೆದಿಟ್ಟ ಸೀರೆಯ ಅಂಚು ಕಡಲ ನೀರೊಣಗಿ ಬಿರುಸಾಗಿತ್ತು. ಓಂಕಾರಮೂರ್ತಿಯವರು ಅದನ್ನು ಬೆರಳಲ್ಲಿ ಸವರಿ, ನಾಲಿಗೆಗೆ ತಾಗಿಸಿ, ಮೆಲ್ಲಗೆ ಹೇಳಿದರು: "ಇದನ್ನ ಒಗೀಬ್ಯಾಡ, ಗಂಗಾ. ಹಂಗೇ ಇರ್ಲಿ."